ಪಾಚಿಯ ಹೊಲಿಗೆ

ಬಿದಿರಿನ ಕೊಳವೆಯಿಂದ ನೀರು ಎಂದಿನಂತೆ ಸುರಿಯುತ್ತಿತ್ತು. ಅದನ್ನು ಹಿಡಿಯುವ ಕಲ್ಲುಬಾನಿಯೇ ಇರಲಿಲ್ಲ!

ಕ್ಯೋಟೋದ ಆ ದೇವಾಲಯದ ತೋಟದಲ್ಲಿ ಮುನ್ನೂರು ವರ್ಷ ಕೂತಿದ್ದ ಬಾನಿ ಅದು. ನಾಲ್ಕಾಳು ಹೊರುವ ಭಾರ. ಹಿತ್ತಿಲ ಬಾಗಿಲ ಬೀಗ ಮುರಿದಿರಲಿಲ್ಲ. ಅಲ್ಲಿಯವರೆಗೆ ಹಾಸಿದ್ದ ಪಾಚಿಯ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ. ಬಾನಿ ಹಾರಿ ಹೋಯಿತೇ?

ಬೀಗದ ಕೈ ಇದ್ದುದು ತೋಟಗಾರ ಉತ್ಸುಮಿಯ ಸೊಂಟದಲ್ಲಿ ಮಾತ್ರ.

“ಸಂಜೆಯೊಳಗೆ ಉತ್ತರ ಬೇಕು, ಉತ್ಸುಮಿ,” ಎಂದರು ಹಿರಿಯ ಭಿಕ್ಷು ಎಕ್ಷಿನ್. “ಇಲ್ದಿದ್ರೆ ತೋಟ ಬೇರೆಯವ್ರಿಗೆ ಕೊಡಬೇಕಾಗುತ್ತೆ.”

ಅವನ ಮನೆಯವರು ಐದು ತಲೆಮಾರು ಸಾಕಿದ ತೋಟ! ಎಪ್ಪತ್ತು ದಾಟಿದ ಉತ್ಸುಮಿ ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡ. ಅವನ ಪರವಾಗಿ ರೇಗಿದ್ದು ಶಿಷ್ಯ ಹಿದಾಕಾ.

“ಇದು ಕಲ್ಲು ವ್ಯಾಪಾರಿ ಓಂಡಾನ ಕೆಲಸ, ಗುರುಗಳೇ! ಮೂರು ವರ್ಷದಿಂದ ಬಾನಿ ಮೇಲೆ ಕಣ್ಣಿಟ್ಟಿದ್ದ. ನಮ್ಮ ಯಜಮಾನ್ರನ್ನ ಅನುಮಾನಿಸ್ತೀರಲ್ಲ!”

ಉತ್ಸುಮಿಯ ಕಣ್ಣು ತುಂಬಿತು. ಹದಿನಾರು ವರ್ಷ ವಿದ್ಯೆ ಕಲಿಸಿದ್ದು ಸಾರ್ಥಕವಾಯಿತು. ಬರುವ ತಿಂಗಳು ಇವನನ್ನೇ ದತ್ತು ತೆಗೆದುಕೊಂಡು ಮನೆತನದ ಹೆಸರು ಕೊಡುವುದೆಂದು ನಿಶ್ಚಯವಾಗಿತ್ತು.

ಎಕ್ಷಿನ್ ಕರೆಸಿದ್ದು ನಿವೃತ್ತ ಪೊಲೀಸ್ ಅಧಿಕಾರಿ ಮಿಯೋಶಿಯನ್ನು. ಕುಳ್ಳಗಿನ ಹೆಂಗಸು. ಬಂದವಳು ಅವಸರವಿಲ್ಲದೆ ಎಲ್ಲರೊಡನೆ ಚಹಾ ಕುಡಿದಳು. ಸಿಹಿ ಕತ್ತರಿಸುವ ಕಡ್ಡಿ ಉತ್ಸುಮಿಯ ಬೆರಳಿಂದ ಎರಡು ಸಲ ಜಾರಿತು. ಅವನು ಸಿಹಿ ತಿನ್ನದೆ ತಟ್ಟೆ ಸರಿಸಿದ. ಆಮೇಲೆ ಅವಳು ತೋಟಕ್ಕಿಳಿದು ಮಂಡಿಯೂರಿದಳು.

“ಎರಡು ವಾರದಿಂದ ಮಳೆ ಇಲ್ಲ, ಅಲ್ವಾ?”

“ಇಲ್ಲ, ಅಮ್ಮಾ,” ಎಂದ ಉತ್ಸುಮಿ.

“ಮತ್ತೆ ಬಾಗಿಲವರೆಗಿನ ಈ ಪಾಚಿ ಪಟ್ಟಿ ಮಾತ್ರ ಯಾಕೆ ಒದ್ದೆ?”

ಅವಳು ಬೆರಳು ತೂರಿಸಿ ಎತ್ತಿದಳು. ಪಾಚಿ ಕಂಬಳಿಯಂತೆ ಮೇಲೆದ್ದಿತು. ಅಡಿಯಲ್ಲಿ—ಗಾಡಿಯ ಗಾಲಿ ಗುರುತು!

“ಪಾಚಿ ಸುತ್ತಿಟ್ಟು, ಬಾನಿ ಸಾಗಿಸಿ, ಮತ್ತೆ ಹಾಸಿದ್ದಾರೆ. ಅಂಚಲ್ಲಿ ಚಾಕು ತಾಗಿಲ್ಲ, ನೋಡಿ.”

“ಚಾಕು ಹಿಡಿಯೋರು ಬೇರೆಯವ್ರು!” ಉತ್ಸುಮಿಗೆ ಅಭಿಮಾನ ಉಕ್ಕಿತು. “ನಾವು ಕೈಯಲ್ಲೇ ಹರೀತೀವಿ. ಅಂಚು ಬೆರೆತು ಹೊಲಿಗೆನೇ ಕಾಣಲ್ಲ. ಇಡೀ ಕ್ಯೋಟೋದಲ್ಲಿ ಇದು ಗೊತ್ತಿರೋರು ನಾವಿಬ್ರೇ—”

ಅವನು ಶಿಷ್ಯನತ್ತ ತಿರುಗಿದ.

ಹಿದಾಕಾ ತಟ್ಟನೆ ಮುಂದೆ ಬಂದ. “ಯಜಮಾನ್ರೇ... ನೀವೇನಾ?”

ಉತ್ಸುಮಿ ಬೆಪ್ಪಾಗಿ ಅವನನ್ನೇ ನೋಡಿದ.

“ಅವರಲ್ಲ,” ಎಂದಳು ಮಿಯೋಶಿ. “ಒಂದು ಕಡ್ಡಿ ಹಿಡಿಯೋಕಾಗದ ಕೈ ಇಷ್ಟು ಉದ್ದ ಪಾಚಿ ಹರಿದು ಕೂಡಿಸುತ್ತಾ? ಎಷ್ಟು ದಿನದಿಂದ ಹೀಗೆ, ಯಜಮಾನ್ರೇ?”

“ವಸಂತದಿಂದ.” ಮುದುಕ ತಲೆ ತಗ್ಗಿಸಿದ. “ದೇವಾಲಯಕ್ಕೆ ತಿಳಿಸಿರ್ಲಿಲ್ಲ. ಪಾಚಿ ಕೆಲಸವೆಲ್ಲ ಇವನೇ ಮಾಡ್ತಿದ್ದ. ಸೊಂಟದ ಗಂಟು ಬಿಚ್ಚಿ ಸ್ನಾನಕ್ಕೆ ಕಳಿಸೋನೂ ಇವನೇ...”

“ನಿನಗೆ ಬೀಗದ ಕೈ ಸಿಕ್ಕಿದ್ದು ಆಗಲೇ,” ಎಂದಳು ಮಿಯೋಶಿ ಹಿದಾಕಾನಿಗೆ. “ ಅವರ ಕೈ ಸೋತಿದ್ದು ಗೊತ್ತಿದ್ದೂ ಅಪವಾದ ಅವರ ಮೇಲೆ ಹೊರಿಸಿದೆ. ಬಾನಿ ಎಲ್ಲಿ, ಹಿದಾಕಾ?”

ಹಿದಾಕಾ ಬಗ್ಗಿ, ಎತ್ತಿದ್ದ ಪಾಚಿಯ ಅಂಚನ್ನು ಮತ್ತೆ ನೆಲಕ್ಕೆ ಒತ್ತಿದ.

“ಓಂಡಾನ ಗೋದಾಮಲ್ಲಿ, ಅವನ ಆಳುಗಳೇ ಸಾಗಿಸಿದ್ರು. ನಾನೇ ಅವನ ಹೆಸರು ಹೇಳಿದ್ರೆ ನನ್ನ ಮೇಲೆ ಅನುಮಾನ ಬರಲ್ಲ ಅಂದ್ಕೊಂಡೆ. ಒಸಾಕಾದಲ್ಲಿ ನನ್ನ ಹೆಸರಲ್ಲೇ ಒಂದು ತೋಟ ಕಟ್ಟಿಸಿಕೊಡ್ತೀನಿ ಅಂದಿದ್ದ. ನಿಮ್ಮ ಹೆಸರು ನನಗೆ ಬೇಡವಾಗಿತ್ತು, ಯಜಮಾನ್ರೇ.”

“ಬೇಡ ಅಂತ ಹೇಳಬಹುದಿತ್ತಲ್ಲೋ!” ಉತ್ಸುಮಿಯ ದನಿ ಒಡೆಯಿತು. “ಪಾಚಿ ಬಾಡಬಾರದು ಅಂತ ನೀರು ಹಾಕಿದೀಯ. ನನ್ನ ಬಗ್ಗೆ ಅಷ್ಟೂ ಅನ್ನಿಸ್ಲಿಲ್ವೇನೋ?”

ಎಕ್ಷಿನ್ ಮುದುಕನ ಭುಜ ಮುಟ್ಟಿದರು.

“ತೋಟ ನಿನ್ನದೇ, ಉತ್ಸುಮಿ.”

“ಬೇಡ, ಗುರುಗಳೇ. ಬೇರೆಯವ್ರಿಗೆ ಕೊಡಿ. ನನ್ನ ಕೈ ವಸಂತದಲ್ಲೇ ಹೋಗಿತ್ತು. ಇವನ ಕೈಯನ್ನೇ ನನ್ನದು ಅಂದ್ಕೊಂಡಿದ್ದೆ.”