ಬ್ರದರ್ ಬಂದ ಮೇಲೆ

ಬಾಗಿಲು ತೆರೆದರೆ ಎದುರಿಗೆ ನಿಂತಿದ್ದವನು ಹೆಗಲಿಗೆ ಚೀಲ ಏರಿಸಿಕೊಂಡು, "ನಮಸ್ಕಾರ ಅಕ್ಕ, ಹೋಮ್ ಕೇರ್‌ನಿಂದ ಬಂದಿದೀನಿ. ಸರ್ ಫೋನ್ ಮಾಡಿದ್ರು," ಎಂದ.

ಅವಳ ಕೈಯಲ್ಲಿ ಬಿಸಿನೀರಿನ ಬೇಸಿನ್ ಇತ್ತು. ಹಾಗೇ ಕೋಣೆಗೆ ನುಗ್ಗಿದಳು.

"ಯಾರ್ರೀ ಇವ್ರು?"

"ನರ್ಸ್. ಬ್ರದರ್ ಅಂತ ಕರೀಬೇಕಂತೆ," ಎಂದ ಗಂಡ, ಕಣ್ಣು ತಪ್ಪಿಸಿ. "ನೀನು ಮತ್ತೆ ಅಂಗಡಿಗೆ ಹೋಗು. ನಿಮ್ಮ ಓನರ್ ಹತ್ರ ಮಾತಾಡಿದೀನಿ."

"ಅಂದ್ರೆ ನನ್ನ ಕೈಲಿ ಮಾಡಿಸ್ಕೊಂಡಿದ್ದು ಸಾಕಾಯ್ತು?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅದನ್ನೇ ಅವಳು ಹೌದೆಂದುಕೊಂಡಳು.

ಅವನು ಬೋರ್ಡ್ ಬರೆಯುವ ಪೇಂಟರ್. ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಎದೆಯಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ತಿಳಿಯದು. ಕನ್ನಡಕದಂಗಡಿಯ ಕೆಲಸ ಬಿಟ್ಟು ಅವಳು ಟೊಂಕ ಕಟ್ಟಿ ನಿಂತಿದ್ದಳು. ಹಾಸಿಗೆಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಹಿಮ್ಮಡಿಯಲ್ಲಿ, ಬೆನ್ನ ಕೆಳಗೆ ಚರ್ಮ ಕೆಂಪಾಗಿದೆಯೇ ಎಂದು ನೋಡುವುದು, ಮೂತ್ರದ ನಳಿಕೆ, ಬೆಳಗಿನ ಮಲವಿಸರ್ಜನೆ, ಎಲ್ಲವನ್ನೂ ಆಸ್ಪತ್ರೆಯಲ್ಲಿ ಕಲಿತು ಬಂದು ಒಬ್ಬಳೇ ಮಾಡಿದ್ದಳು. ಮೈ ಒರೆಸುವಾಗೆಲ್ಲ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನನ್ನ ಮುಖ ಕಂಡರೇ ಬೇಸರ ಬಂದಿದೆ ಎಂಬ ಅನುಮಾನ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಇವತ್ತು ಅದು ಖಾತ್ರಿಯಾಯಿತು.

ಹಟಕ್ಕೇ ಕೆಲಸಕ್ಕೆ ಹೋದಳು. ಮನೆಯಲ್ಲಿ ಮಾತು ಬಿಟ್ಟಳು.

"ಬ್ರದರ್, ಅವರದು ಊಟ ಆಯ್ತಾ ಕೇಳಿ."

"ಬ್ರದರ್, ಆಯ್ತು ಅಂತ ಹೇಳು. ಉಪ್ಪು ಕಮ್ಮಿ ಇತ್ತು ಅಂತಾನೂ ಹೇಳು."

"ನನ್ನ ಡ್ಯೂಟೀಲಿ ಪೋಸ್ಟ್‌ಮ್ಯಾನ್ ಕೆಲಸ ಸೇರಿಲ್ಲ ಅಕ್ಕ," ಎಂದ ಬ್ರದರ್ ಗಂಭೀರವಾಗಿ.

ನಗು ಬಂತು. ತುಟಿ ಕಚ್ಚಿ ಅಡುಗೆಮನೆಗೆ ಓಡಿದಳು.

ಕೆಲಸದಲ್ಲಿ ಬ್ರದರ್ ಪಳಗಿದವನು. ಹಾಸಿಗೆಯಿಂದ ಗಾಲಿಕುರ್ಚಿಗೆ ಹಲಗೆ ಇಟ್ಟು, ತೋಳಿನ ಬಲದಲ್ಲೇ ಜಾರಿ ದಾಟುವುದನ್ನು ಅವಳ ಗಂಡನಿಗೆ ಕಲಿಸುತ್ತಿದ್ದ. ಬಾಗಿಲಾಚೆಯಿಂದ ಅವಳಿಗೆ ಏದುಸಿರು ಕೇಳಿಸುತ್ತಿತ್ತು, ಆಮೇಲೆ ಇಬ್ಬರ ನಗು. ನನ್ನ ಜೊತೆ ಯಾಕೆ ಒಂದು ದಿನವೂ ಹೀಗೆ ನಗಲಿಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಫ್ರೇಮ್ ಒರೆಸುತ್ತಾ ತಲೆ ಎತ್ತಿದರೆ, ಬಾಗಿಲಲ್ಲಿ ಗಾಲಿಕುರ್ಚಿ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ. ಬ್ರದರ್ ಹೊರಗೇ ನಿಂತು ಆಕಾಶ ನೋಡುತ್ತಿದ್ದ.

"ಕಣ್ಣು ಟೆಸ್ಟ್ ಮಾಡಿಸ್ಬೇಕಿತ್ತು ಮೇಡಂ."

"ಅಪಾಯಿಂಟ್‌ಮೆಂಟ್ ಇದೆಯಾ?"

"ಮದುವೆ ದಿನಾನೇ ತಗೊಂಡಿದೀನಿ."

ಒಳಗಿನಿಂದ ಓನರ್ ಕೆಮ್ಮಿದರು, ಫೋನ್ ಬಂದವರಂತೆ ಎದ್ದು ಹೊರಗೆ ಹೋದರು.

ಪರೀಕ್ಷೆಯ ಫ್ರೇಮನ್ನು ಅವನ ಕಿವಿಗೇರಿಸಿ ಅವಳು ಸ್ಟೂಲ್ ಎಳೆದು ಎದುರಿಗೆ ಕೂತಳು. ಹಾಸಿಗೆಯಲ್ಲಿ ಮಲಗಿದವನನ್ನು ಬಗ್ಗಿ ಬಗ್ಗಿ ನೋಡಿದ್ದವಳಿಗೆ ಆ ಮುಖ ಈಗ ಸರಿಸಮ ಎತ್ತರದಲ್ಲಿತ್ತು. ಮೀಸೆಯಲ್ಲಿ ಎರಡು ಬಿಳಿ ಕೂದಲು. ಯಾವಾಗ ಬಂದವೋ!

"ಎದುರಿಗಿರೋದು ಕಾಣಿಸ್ತಿದೆಯಾ?"

"ಕಾಣಿಸ್ತಿದೆ. ಕೋಪದಲ್ಲಿ ಮೂಗು ಕೆಂಪಾಗಿದೆ."

"ತಮಾಷೆ ಬೇಡ. ಅಷ್ಟು ದಿನ ಕಣ್ಣು ಮುಚ್ಕೊಂಡಿದ್ರಲ್ಲ, ಈಗ್ಯಾಕೆ ನೋಡ್ತೀರಿ?"

ಅವನ ನಗು ಆರಿತು. ಫ್ರೇಮ್ ತೆಗೆದು ಮಡಿಲಲ್ಲಿಟ್ಟುಕೊಂಡ.

"ನಾಚಿಕೆ ಆಗ್ತಿತ್ತು ಕಣೇ. ನೀನು ನನ್ನ ಬಟ್ಟೆ ಬದಲಾಯಿಸ್ವಾಗ ಸತ್ತುಹೋಗೋಣ ಅನ್ನಿಸ್ತಿತ್ತು. ನಿನ್ನ ಮುಖ ಹೆಂಗೆ ನೋಡ್ಲಿ?"

"ನಾನೇನು ಒಂದಿನಾನಾದ್ರೂ ಅಸಹ್ಯಪಟ್ನಾ?"

"ಇಲ್ಲ. ಅದಕ್ಕೇ ಇನ್ನೂ ಕಷ್ಟ. ನೀನು ನನಗೆ ನರ್ಸ್ ಆಗ್ಬಿಟ್ಟಿದ್ದೆ. ನರ್ಸ್ ಮೇಲೆ ಕೋಪ ಮಾಡ್ಕೊಳ್ಳೋಕಾಗಲ್ಲ, ಉಪ್ಪು ಕಮ್ಮಿ ಅನ್ನೋಕಾಗಲ್ಲ, ಮುತ್ತು ಕೇಳೋಕಂತೂ ಮೊದಲೇ ಆಗಲ್ಲ. ಆ ಕೆಲಸ ಬ್ರದರ್ ಮಾಡ್ಲಿ. ನನಗೆ ನನ್ನ ಹೆಂಡ್ತಿ ವಾಪಸ್ ಬೇಕು."

ಅವಳ ಕಣ್ಣು ತುಂಬಿ ಬಂತು. "ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ರೋಗ?"

"ನೀನು ಮಾತೇ ಬಿಟ್ಟಿದ್ಯಲ್ಲ! ಬ್ರದರ್ ಕೈಲಿ ಹೇಳಿ ಕಳಿಸ್ಲಾ?"

ಅಳುತ್ತಿದ್ದವಳು ಬಿದ್ದು ಬಿದ್ದು ನಕ್ಕಳು.

ಸಂಜೆ ಮೂವರೂ ಮನೆಯ ದಾರಿ ಹಿಡಿದರು. ಬ್ರದರ್ ಬೇಕೆಂದೇ ಹಿಂದುಳಿದ. ಅಭ್ಯಾಸಬಲದಿಂದ ಅವಳ ಕೈ ಕುರ್ಚಿಯ ಹಿಡಿಕೆಗೆ ಹೋಯಿತು.

"ತಳ್ಳೋದು ಬೇಡ, ನಾನೇ ಬರ್ತೀನಿ. ನೀನು ಪಕ್ಕದಲ್ಲಿ ನಡಿ."

ಅವನು ಗಾಲಿ ತಿರುಗಿಸಿದ. ರಸ್ತೆಯ ಉಬ್ಬಿನಲ್ಲಿ ಒಮ್ಮೆ ತಡವರಿಸಿ, ಹಲ್ಲು ಕಚ್ಚಿ ದಾಟಿದ. ಅವಳು ತಡೆದುಕೊಂಡಳು, ಹಿಡಿಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಅವನ ಹೆಗಲ ಮೇಲೆ ಕೈಯಿಟ್ಟಳು. ಬೆರಳು ಮೆಲ್ಲಗೆ ಕತ್ತಿನ ಹಿಂಭಾಗಕ್ಕೆ ಸರಿಯಿತು.

"ಇಲ್ಲಿ ಗೊತ್ತಾಗುತ್ತಾ?"

ಅವನು ಗಾಲಿ ನಿಲ್ಲಿಸಿ ಕೆನ್ನೆಯನ್ನು ಅವಳ ಕೈಗೆ ಒತ್ತಿದ. ಈ ಸಲ ಕಣ್ಣು ಮುಚ್ಚಲಿಲ್ಲ.

"ಚೆನ್ನಾಗಿ ಗೊತ್ತಾಗುತ್ತೆ. ತೆಗೀಬೇಡ."