ಮರುಭೂಮಿಗೆ ಹೊರಟವರು

"ನಮ್ಮಪ್ಪನ್ನ ಮರುಭೂಮಿಗೆ ಕರ್ಕೊಂಡು ಹೋಗ್ತೀರಂತೆ. ಯಾರನ್ನ ಕೇಳಿ?"

ಮಲೆನಾಡಿನ ಜಯಪುರದ ತನ್ನ ಫೋಟೋ ಸ್ಟುಡಿಯೋದಲ್ಲಿ ಲೆನ್ಸ್ ಒರೆಸುತ್ತಿದ್ದ ಶಿಶಿರ ತಲೆಯೆತ್ತಿದ. ಬಾಗಿಲಲ್ಲಿ ನಿಂತಿದ್ದವಳು ಸೌಜನ್ಯ, ಕೊಪ್ಪದ ಕಾಲೇಜಿನ ಉಪನ್ಯಾಸಕಿ. ಅವಳ ತಂದೆ ಮಹೇಶ್ವರ ಮೇಷ್ಟ್ರು ಅವನಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಹಕ್ಕಿ ನೋಡುವ ಹುಚ್ಚು ಹಿಡಿಸಿದವರೂ ಅವರೇ.

"ಕೂತ್ಕೊಳ್ಳಿ," ಎಂದ.

"ಕೂರೋಕೆ ಬಂದಿಲ್ಲ. ಅಮ್ಮ ಹೋದ್ಮೇಲೆ ಅಪ್ಪ ಶೃಂಗೇರಿ ಪೇಟೆ ಬಿಟ್ಟು ಎಲ್ಲೂ ಹೋಗಿಲ್ಲ. ಈಗ ಜೈಸಲ್ಮೇರ್ ಅಂತಾರೆ. ಅಲ್ಲಿ ಎಂತ ಇದೆ?"

"ಎರೆಭೂತ ಅಂತ ದೊಡ್ಡ ಹಕ್ಕಿ. ಎಲ್ಲಾ ಕಡೆ ಅಳಿದುಹೋಗ್ತಿದೆ. ಅಲ್ಲಿನ ರಾಷ್ಟ್ರೀಯ ಉದ್ಯಾನದಲ್ಲಿ ಸ್ವಲ್ಪ ಉಳಿದಿದೆ. ಅದನ್ನ ನೋಡ್ಬೇಕು ಅನ್ನೋದು ಮೇಷ್ಟ್ರ ಬಹಳ ವರ್ಷದ ಆಸೆ."

"ಮುಂದಿನ ವರ್ಷ ಹೋದ್ರಾಗಲ್ವಾ?"

ಶಿಶಿರ ಲೆನ್ಸ್ ಕೆಳಗಿಟ್ಟ.

"ಮುಂದಿನ ವರ್ಷ ಅವರಿಗೆ ಕಾಣ್ಸುತ್ತೋ ಇಲ್ವೋ... ಗ್ಲಾಕೋಮಾ. ನಿಮಗೆ ಹೇಳಿಲ್ವಾ?"

ಸೌಜನ್ಯ ಹತ್ತಿರದ ಕುರ್ಚಿಯಲ್ಲಿ ಕುಸಿದಳು. ದಿನಾ ಅನ್ನ ಬಡಿಸುವ ತನಗೆ ತಿಳಿಯದ್ದು ಈ ಹೊರಗಿನವನಿಗೆ ತಿಳಿದಿತ್ತು. ಅವನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ತನ್ನ ಮೇಲೆ.

ಸಂಜೆ ಅಪ್ಪನ ಮುಂದೆ ಕೂತು ಕೇಳಿದಳು. ಮೇಷ್ಟ್ರು ಮಗಳ ಮುಖವನ್ನು ಹುಡುಕುವಂತೆ ನೋಡಿದರು.

"ಅಮ್ಮನ ಆಸ್ಪತ್ರೆ ಓಡಾಟ ಮುಗ್ದು ನೀನು ಈಗಷ್ಟೇ ನಗೋಕೆ ಶುರು ಮಾಡಿದ್ದೆ ಕೂಸೇ. ಹ್ಯಾಗೆ ಹೇಳ್ಲಿ?"

ಅವಳು ಅವರ ಮೊಣಕಾಲಿಗೆ ಹಣೆಯಿಟ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ನಾನೂ ಬತ್ತೆ," ಎಂದಳು.

ಅಂದಿನಿಂದ ಭಾನುವಾರಗಳಲ್ಲಿ ಶಿಶಿರ ಶೃಂಗೇರಿಗೆ ಬರತೊಡಗಿದ. ಚಳಿಗಾಲದಲ್ಲೇ ಹೋಗಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು, ಮೇಷ್ಟ್ರನ್ನು ಹೆಚ್ಚು ನಡೆಸಬಾರದು, ಕಣ್ಣಿನ ಔಷಧಿ ಬಿಸಿಲಿಗೆ ಕೆಡಬಾರದು. ಮೂವರೂ ಜಗಲಿಯಲ್ಲಿ ನಕಾಶೆ ಹರಡಿಕೊಂಡು ಕೂರುತ್ತಿದ್ದರು.

ಒಂದು ದಿನ ಸೌಜನ್ಯ ಕಾಫಿ ತರುವಾಗ ಶಿಶಿರ ಎರಡೂ ಅಂಗೈಗಳನ್ನು ಕಣ್ಣಿನ ಸುತ್ತ ಕೊಳವೆಯಂತೆ ಹಿಡಿದು ಅಂಗಳದಲ್ಲಿ ನಡೆಯುತ್ತಿದ್ದ.

"ಎಂತ ಮಾಡ್ತಿದ್ದೀರಿ?"

"ಮೇಷ್ಟ್ರಿಗೆ ಎಷ್ಟು ಕಾಣುತ್ತೆ ಅಂತ ನೋಡ್ತಿದ್ದೆ. ಹಕ್ಕಿ ಎದುರಿಗೇ ಇದ್ರೆ ಮಾತ್ರ ಕಾಣುತ್ತೆ. ಜೀಪು ನಿಲ್ಲಿಸುವಾಗ ಅದು ನೆನಪಿರ್ಬೇಕು."

ಅವಳು ಲೋಟ ಕೊಟ್ಟು ಬೇಗ ಒಳಗೆ ಹೋದಳು. ಎದೆ ತುಂಬಿ ಬಂದಿತ್ತು. 'ಇವನನ್ನ ಇಷ್ಟು ನಂಬಬಹುದಾ...'

ಆದರೆ ರೈಲಿನ ಟಿಕೆಟ್ ಬುಕ್ ಮಾಡುವ ಹೊತ್ತಿಗೆ ಅವನ ಫೋನ್ ಬಂತು.

"ನಾನು ಬರಲ್ಲ ಸೌಜನ್ಯ. ಅಲ್ಲೊಬ್ಬ ಒಳ್ಳೆ ಗೈಡಿಗೆ ಹೇಳಿದ್ದೀನಿ. ನೀವಿಬ್ರೂ ಹೋಗ್ಬನ್ನಿ."

"ಯಾಕೆ?"

ಅವನು ಫೋನ್ ಇಟ್ಟುಬಿಟ್ಟ. 'ಕಣ್ಣು ಕಾಣದ ಮುದುಕನ ಜವಾಬ್ದಾರಿ ಸಾಕಾಯ್ತೇನೋ' ಎಂದುಕೊಂಡಳು. ಮೇಷ್ಟ್ರು ಮಾತ್ರ, "ಅವನಿಲ್ದೆ ನಾನು ಹೋಗಲ್ಲ," ಎಂದು ನಕಾಶೆ ಮಡಿಸಿಟ್ಟರು. ಅದನ್ನು ನೋಡಿ ಅವಳಿಗೆ ಸಹಿಸಲಾಗಲಿಲ್ಲ.

ಮರುದಿನವೇ ಜಯಪುರದ ಬಸ್ಸು ಹತ್ತಿದಳು.

"ಬೇಜಾರಾಗಿದ್ರೆ ಹೇಳಿ. ಸುಮ್ನೆ ಆಸೆ ಹುಟ್ಟಿಸಿ ಕೈಬಿಡ್ಬೇಡಿ."

ಶಿಶಿರ ಅವಳ ಕಡೆ ನೋಡಲಿಲ್ಲ. "ಹೋದ ಭಾನುವಾರ ಮೇಷ್ಟ್ರು ಮೆಟ್ಟಿಲಲ್ಲಿ ಎಡವಿದ್ರು. ನಾನು ಪಕ್ಕದಲ್ಲೇ ಇದ್ದೆ, ಹಿಡಿಲಿಲ್ಲ."

"ಏನೂ ಪೆಟ್ಟಾಗ್ಲಿಲ್ವಲ್ಲ."

"ಆಗಬಹುದಿತ್ತು. ಅವರ ಕಣ್ಣಾಗಿ ಬರ್ತೀನಿ ಅಂತ ಒಪ್ಪಿಕೊಂಡವನು ನಾನು. ಅವತ್ತು ನನ್ನ ಕಣ್ಣು ನಿಮ್ಮ ಮೇಲಿತ್ತು ಸೌಜನ್ಯ. ಅಲ್ಲಿ ಹೋದ್ರೂ ಅಲ್ಲೇ ಇರುತ್ತೆ. ಅದು ಅವರಿಗೆ ಮಾಡೋ ಮೋಸ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೊರಟಿತು. ಅವಳು ನಿಂತಲ್ಲೇ ನಿಂತಿದ್ದಳು.

"ಅವತ್ತು ನಾನೂ ಅಪ್ಪನ ಪಕ್ಕದಲ್ಲೇ ಇದ್ದೆ. ನಾನೂ ಹಿಡಿಲಿಲ್ಲ," ಎಂದಳು ಮೆಲ್ಲಗೆ. "ನಾನು ಯಾರನ್ನ ನೋಡ್ತಿದ್ದೆ ಅಂತ ಕೇಳಲ್ವಾ?"

ಶಿಶಿರ ನಿಧಾನವಾಗಿ ತಲೆಯೆತ್ತಿದ. ಅವಳ ಕಣ್ಣು ತುಂಬಿತ್ತು.

"ಮೇಷ್ಟ್ರಿಗೆ ಗೊತ್ತಾದ್ರೆ..."

"ನನ್ನ ಮನಸ್ಸಲ್ಲಿರೋದನ್ನ ಬೆಳಿಗ್ಗೆ ಅವರಿಗೆ ಹೇಳಿಯೇ ಬಂದೆ."

"ಏನಂದ್ರು?"

"'ಅಷ್ಟಾದ್ರೂ ನಂಗಿನ್ನೂ ಕಾಣ್ಸುತ್ತೆ ಮಾರಾಯ್ತಿ' ಅಂದ್ರು."

ಅವನು ನಕ್ಕುಬಿಟ್ಟ. ಅವಳು ಹತ್ತಿರ ಬಂದು ಅವನ ಕೈ ಹಿಡಿದಳು.

"ಅಪ್ಪನ ಒಂದು ಕೈ ನೀವು ಹಿಡ್ಕೊಳ್ಳಿ, ಇನ್ನೊಂದು ನಾನು. ಹಕ್ಕಿ ಕಂಡ್ರೆ ಇಬ್ರೂ ಸೇರಿ ತೋರ್ಸೋಣ."

"ಕಾಣದಿದ್ರೆ?"

"ಕಾಣೋ ತನಕ ಅಲ್ಲೇ ಕಾಯೋಣ."

"ಅಷ್ಟು ಹೊತ್ತು ನಾನು ಎಂತ ಮಾಡ್ಲಿ?"

"ನನ್ನನ್ನ ನೋಡಿ," ಎಂದಳು ಸೌಜನ್ಯ.