ಸಿರಿವೊಳಲಿನ ಮೂರು ಬಾಗಿಲು

ಬಹಳ ಕಾಲದ ಹಿಂದೆ, ಮಾಂತ್ರಿಕರೂ ಸಂತೆಗೆ ಬಂದು ಸೊಪ್ಪು ಕೊಳ್ಳುತ್ತಿದ್ದ ದಿನಗಳಲ್ಲಿ, ಸಿರಿವೊಳಲು ಎಂಬ ರಾಜಧಾನಿಯಿತ್ತು. ಅದರ ನಡುವಿನ ಚೌಕದಲ್ಲಿ ಮೂರು ಹಳೆಯ ಕಟ್ಟಡಗಳು. ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆ, ಹಳೆಯ ರಾಣಿಯೊಬ್ಬಳು ಕಟ್ಟಿಸಿದ ನಾಟ್ಯಶಾಲೆ, ಮುಸ್ಸಂಜೆಗೆ ನಗಾರಿ ಬಾರಿಸುವ ನಗಾರಿಮನೆ. ದಿನವೂ ಕಣ್ಣೆದುರೇ ಇದ್ದವಲ್ಲ, ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಮರೆವಯ್ಯನೆಂಬ ಮಾಂತ್ರಿಕನಿಗೆ ಅಷ್ಟೇ ಸಾಕಾಗಿತ್ತು. ಆ ಜಾಗದಲ್ಲಿ ತನ್ನ ಅರಮನೆ ಎಬ್ಬಿಸಬೇಕೆಂದು ಅವನ ಆಸೆ. ಒಂದು ಸಂಜೆ ಬಂದು ತನ್ನ ಶಾಲಿಗೆ ಮೂರು ಗಂಟು ಹಾಕಿದ. ಗಂಟಿಗೊಂದರಂತೆ ಕಟ್ಟಡಗಳು ಮಾಯವಾದವು. ಅವುಗಳ ನೆನಪೂ ಜನರ ತಲೆಯಿಂದ ಹಾರಿಹೋಯಿತು.

ಆಗಷ್ಟೇ ನಗಾರಿ ಬಾರಿಸಲು ಮೇಲೆ ಹತ್ತಿದ್ದವನು ಸಂಕವ್ವೆ ಎಂಬ ಹುಡುಗಿಯ ಅಪ್ಪ. ಅಪ್ಪ ಹತ್ತಿದ್ದು ಮಗಳಿಗೆ ನೆನಪಿತ್ತು, ಎಲ್ಲಿ ಹತ್ತಿದನೆಂಬುದು ಮಾತ್ರ ಅಳಿಸಿಹೋಗಿತ್ತು. ಬೆಳಗಾಗುತ್ತಲೇ ಅವಳು, ಗಂಟು ಹಾಕಿದ ಶಾಲು ಹೊದ್ದು ಚೌಕದಲ್ಲಿ ಅರಮನೆಗೆ ಅಳತೆ ಹಾಕುತ್ತಿದ್ದ ಮಾಂತ್ರಿಕನ ಎದುರು ನಿಂತು ಅಪ್ಪನನ್ನು ಕೊಡು ಎಂದಳು.

"ಬಾಗಿಲಿದ್ದ ಜಾಗ ಹುಡುಕಿ ತಟ್ಟು, ಗಂಟು ಬಿಚ್ಚುತ್ತದೆ. ಮೂರೂ ಬಿಚ್ಚಿದರೆ ನಾನು ಕಲ್ಲಾಗುತ್ತೇನೆ. ಒಂದು ತಪ್ಪಿದರೂ ನೀನು ಕಲ್ಲು. ಇಂದು ಕತ್ತಲಾಗುವವರೆಗೆ ಗಡುವು," ಎಂದ ಮರೆವಯ್ಯ. ಸಂಕವ್ವೆ ಒಪ್ಪಿದಳು.

ಅವಳು ಬೋಳು ಚೌಕದಲ್ಲಿ ಕೂತು ಹೋಗಿಬರುವವರನ್ನು ನೋಡತೊಡಗಿದಳು. ಹೇರು ಹೊತ್ತ ಮುದಿ ಎತ್ತೊಂದು ಬಂದು ಬಯಲಿನಲ್ಲಿ ತಟ್ಟನೆ ನಿಂತು, ನೀರು ಕುಡಿಯುವಂತೆ ಗಾಳಿಗೆ ನಾಲಗೆ ಚಾಚಿತು. ಒಡೆಯ ಎಷ್ಟು ಗದರಿದರೂ ಕದಲಲಿಲ್ಲ. ಸಂಕವ್ವೆ ಅಲ್ಲೇ ಗಾಳಿಯನ್ನು ತಟ್ಟಿದಳು. ಒಂದು ಗಂಟು ಬಿಚ್ಚಿತು. ತಣ್ಣನೆಯ ನೀರಿನ ಹರವಿಗಳ ಸಮೇತ ಅರವಟ್ಟಿಗೆ ಎದ್ದು ನಿಂತಿತು.

ಮಧ್ಯಾಹ್ನ ಮುದುಕಿಯರು ಒಬ್ಬೊಬ್ಬರಾಗಿ ಒಂದೇ ಜಾಗದಲ್ಲಿ ತಲೆ ತಗ್ಗಿಸಿ ಮುಂದೆ ಹೋದರು. ಯಾಕೆಂದು ಕೇಳಿದ್ದಕ್ಕೆ ಒಬ್ಬಳು, "ಯಾರಿಗ್ಗೊತ್ತು ಕಣವ್ವಾ, ಇಲ್ಲಿ ಬಂದ್ರೆ ತಲೆ ತಾನಾಗೇ ಬಗ್ತದೆ," ಎಂದಳು. ಅದು ನಾಟ್ಯಶಾಲೆಯ ತಗ್ಗು ಬಾಗಿಲು. ತಟ್ಟಿದಳು. ಎರಡನೆಯ ಗಂಟು ಬಿಚ್ಚಿತು. ಕಂಬದ ಕಲ್ಲುನರ್ತಕಿಯರ ಗೆಜ್ಜೆ ಘಲ್ಲೆಂದಿತು.

ಮೂರನೆಯದೇ ಕಷ್ಟ. ನಗಾರಿಮನೆಗೆ ಅಪ್ಪನ ಹೊರತು ಯಾರೂ ಕಾಲಿಟ್ಟವರಲ್ಲ. ಹೊತ್ತು ಇಳಿಯಿತು. ಮರೆವಯ್ಯ ಮೀಸೆ ತಿರುವುತ್ತ ಬಂದು ನಿಂತ. ಅಪ್ಪನ ಮುಖ ಇನ್ನು ಕಾಣಲಾರೆನೆಂದು ಸಂಕವ್ವೆಗೆ ಅಳು ಬಂತು.

ಮುಸ್ಸಂಜೆಯಾಯಿತು. ವ್ಯಾಪಾರಿ ತಕ್ಕಡಿ ಕೆಳಗಿಟ್ಟ. ನೀರು ಸೇದುವವಳು ಹಗ್ಗ ಹಿಡಿದು ನಿಂತಳು. ನಾಲ್ಕೂ ಬೀದಿಗಳು ಮೌನವಾದವು. ಇಡೀ ಊರು ಕಿವಿಗೊಟ್ಟಿತು, ಯಾವ ಸದ್ದೂ ಬಾರದಿರಲು ಆಕಾಶದ ಒಂದೇ ಮೂಲೆಗೆ ಮುಖವೆತ್ತಿತು. ಯಾಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಸಂಕವ್ವೆ ದಡಕ್ಕನೆ ಎದ್ದಳು. ಅಷ್ಟೂ ಕಣ್ಣುಗಳು ಕೂಡಿದ ಜಾಗದ ಕೆಳಗೆ ಹೋಗಿ ಅವಳು ತಟ್ಟಿದಳು.

ಕೊನೆಯ ಗಂಟು ಬಿಚ್ಚಿತು. ಮರೆವಯ್ಯ ನಿಂತಲ್ಲೇ ಕಲ್ಲಾದ. ನಗಾರಿಮನೆ ಮುಗಿಲೆತ್ತರಕ್ಕೆ ಎದ್ದಿತು. ಅಪ್ಪ ಮೇಲಿನ ಕಿಟಕಿಯಿಂದ ಬಗ್ಗಿ ನೋಡಿದ. ಅವನಿಗೆ ಅದಿನ್ನೂ ನಿನ್ನೆಯ ಸಂಜೆ.

"ಏನವ್ವಾ, ಎಲ್ಲ ಹಿಂಗ್ ನೋಡ್ತಾವ್ರೆ? ನಾನಿನ್ನೂ ಬಾರ್ಸೇ ಇಲ್ವಲ್ಲ."

"ಬಾರ್ಸಪ್ಪ," ಎಂದಳು ಸಂಕವ್ವೆ ಕಣ್ಣೊರೆಸಿಕೊಂಡು. "ಊರೇ ಕಾಯ್ತಾ ಐತೆ."

ಅಪ್ಪ ಬಾರಿಸಿದ. ಅಂದಿನಿಂದ ಸಿರಿವೊಳಲಿನವರು ಆ ಚೌಕದಲ್ಲಿ ತಲೆಯೆತ್ತಿ ನಡೆದರು, ಉಂಡುಟ್ಟು ನೂರ್ಕಾಲ ಸುಖವಾಗಿ ಬಾಳಿದರು.